ಬೆಕ್ಕಿನ ಹಲ್ಲುನೋವೂ ನೋವೇ

ಹಸು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಗೆಲ್ಲ ಆತಂಕ. ಎತ್ತು ಕುಂಟಿದರೆ ನೆರೆಯವರೂ ಬಂದು ನೋಡುತ್ತಾರೆ. ಒಲೆಯ ಪಕ್ಕದಲ್ಲಿ ಮಲಗುವ ಬೆಕ್ಕು ಎಂಟು ದಿನದಿಂದ ಸರಿಯಾಗಿ ತಿನ್ನುತ್ತಿಲ್ಲವೆಂಬುದನ್ನು ಮಾತ್ರ ಗಮನಿಸುವವರು ಕಡಮೆ. ಗಮನಿಸಿದರೂ “ಬೆಕ್ಕಿಗೇನು ವೈದ್ಯ?” ಎಂದು ನಕ್ಕು ಸುಮ್ಮನಾಗುವುದೇ ಹೆಚ್ಚು. ಈ ಮಾತು ಸರಿಯಲ್ಲವೆಂದು ಹೇಳುವುದಕ್ಕಾಗಿ ಈ ವಾರ ನಾವು ಬರೆಯುತ್ತಿದ್ದೇವೆ.

ಅವಲಪಲ್ಲಿ, ಮತ್ತಿಗಿರಿ, ಬಾಗಲೂರು, ತಳಿ ಕಡೆಯ ನಮ್ಮ ರೈತರ ಮನೆಗಳಲ್ಲಿ ಬೆಕ್ಕು ಅಲಂಕಾರಕ್ಕೆ ಸಾಕಿದ್ದಲ್ಲ. ರಾಗಿಯ ಚೀಲ, ಅವರೆ ಹುರುಳಿಯ ಬೀಜ, ರೇಷ್ಮೆಹುಳುವಿನ ತಟ್ಟೆ, ಇವೆಲ್ಲಕ್ಕೂ ಇಲಿಯೇ ಶತ್ರು. ಕೂಲಿಯಿಲ್ಲದೆ ರಾತ್ರಿಯೆಲ್ಲ ಕಾವಲಿರುವುದು ಬೆಕ್ಕೊಂದೇ. ಅದು ಬೇಟೆ ಬಿಟ್ಟರೆ ನಾವು ಇಲಿಪಾಷಾಣ ತರುತ್ತೇವೆ. ಆ ಪಾಷಾಣದಿಂದ ಮಕ್ಕಳಿಗೂ ಕೋಳಿಗೂ ಅಪಾಯ. ಹೀಗೆ ಬೆಕ್ಕಿನ ಹಲ್ಲಿಗೂ ಮನೆಯ ಕಾಳಿಗೂ ಸಂಬಂಧವುಂಟು.

ದೊಡ್ಡ ಬೆಕ್ಕಿಗೆ 30 ಹಲ್ಲುಗಳು. ಅವುಗಳ ಬುಡದಲ್ಲಿ ಹಳದಿ ಕಿಟ್ಟ ಕಟ್ಟಿ, ವಸಡು ಕೆಂಪೇರಿ, ಕೊನೆಗೆ ಬೇರಿನಲ್ಲಿ ಕೀವು ತುಂಬುತ್ತದೆ. ಮುರಿದ ಹಲ್ಲಿನಿಂದಲೂ ಹೀಗಾಗುವುದುಂಟು. ಬೆಕ್ಕು ನೋವನ್ನು ಕೂಗಿ ಹೇಳುವ ಪ್ರಾಣಿಯಲ್ಲ, ಮುಚ್ಚಿಟ್ಟುಕೊಳ್ಳುತ್ತದೆ. ಆದ್ದರಿಂದ ಗುರುತುಗಳನ್ನು ನಾವೇ ಹುಡುಕಬೇಕು. ಅನ್ನದ ಬಳಿ ಬಂದು ಮೂಸಿ ಹಿಂದೆ ಸರಿಯುವುದು, ಒಂದೇ ದವಡೆಯಲ್ಲಿ ಅಗಿಯುವುದು, ತುತ್ತನ್ನು ಕೆಳಕ್ಕೆ ಬೀಳಿಸುವುದು, ಜೊಲ್ಲು, ಬಾಯಿಯ ದುರ್ವಾಸನೆ, ಮೈ ನೆಕ್ಕಿಕೊಳ್ಳದೆ ಕೂದಲು ಸಿಕ್ಕುಗಟ್ಟುವುದು, ಇವು ಮುಖ್ಯವಾದವು. ಕಣ್ಣಿನ ಕೆಳಗೆ ಊತ ಬಂದರೆ ಕಡಜ ಕಚ್ಚಿತೆಂದು ಹಲವರು ತಿಳಿಯುತ್ತಾರೆ. ಮೇಲ್ದವಡೆಯ ದೊಡ್ಡ ಹಲ್ಲಿನ ಬೇರಿನಲ್ಲಿ ಕೀವಾದರೂ ಅಲ್ಲಿಯೇ ಊದಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜೊಲ್ಲು ಸುರಿಸುವ ಬೆಕ್ಕಿನ ಬಾಯಿಗೆ ಬೆರಳು ಹಾಕಲೇ ಕೂಡದು. ಹುಚ್ಚುನಾಯಿಯ ರೋಗ ಬೆಕ್ಕಿಗೂ ಬರುತ್ತದೆ, ಅದರಲ್ಲಿಯೂ ಜೊಲ್ಲು ಸುರಿಯುತ್ತದೆ. ಬೆಕ್ಕು ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ನೀರಿನಿಂದ 15 ನಿಮಿಷ ಚೆನ್ನಾಗಿ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಸೂಜಿಮದ್ದು ಹಾಕಿಸಿಕೊಳ್ಳತಕ್ಕದ್ದು.

ಹಣವಿಲ್ಲದಾಗ ಜನರು ಮೊದಲು ಹುಡುಕುವುದು ಮನೆಯಲ್ಲಿರುವ ಗುಳಿಗೆಯನ್ನು. ಇದೇ ದೊಡ್ಡ ಅಪಾಯ. ನಮ್ಮ ಜ್ವರ, ಮೈಕೈ ನೋವಿಗೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಗುಳಿಗೆ ಅದರ ಪ್ರಾಣ ತೆಗೆಯಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಕೋಶಕ್ಕಲ್ಲ, ಯಕೃತ್ತಿಗೆ ಇರಬೇಕು. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಇಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳೂ ಕೂಡದು. ನಮ್ಮ ಹಲ್ಲಿಗೆ ಹಚ್ಚುವ ಲವಂಗದ ಎಣ್ಣೆಯೂ ಬೆಕ್ಕಿಗೆ ಆಗದು. ಉಳಿದ ಕೀವಿನ ಮದ್ದನ್ನು ಅಂದಾಜಿನಿಂದ ಕೊಡುವುದೂ ತಪ್ಪು. ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ನೀರಿಲ್ಲದೆ ನುಂಗಿಸಿದರೆ ಬೆಕ್ಕಿನ ಅನ್ನನಾಳವೇ ಸುಟ್ಟು ಹುಣ್ಣಾಗುವುದುಂಟು.

ಇನ್ನೊಂದು ಮಾತು. ಕೀವಿನ ಮದ್ದಿನಿಂದ ಊತ ಇಳಿಯಬಹುದು, ಬೆಕ್ಕು ನಾಲ್ಕು ದಿನ ತಿನ್ನಬಹುದು. ಆದರೆ ಕೊಳೆತ ಬೇರು ಒಳಗಿರುವ ತನಕ ರೋಗ ಮರಳಿ ಬರುತ್ತದೆ. ಮತ್ತೆ ಮತ್ತೆ ಮದ್ದಿಗೆ ಸುರಿದ ಹಣದಲ್ಲಿ ಹಲ್ಲನ್ನೇ ಕೀಳಿಸಬಹುದಾಗಿತ್ತೆಂದು ಆಮೇಲೆ ತಿಳಿಯುತ್ತದೆ. ಹಲ್ಲು ಹೋದರೆ ಬೆಕ್ಕು ಉಪವಾಸ ಸಾಯುವುದೆಂಬ ಭಯವೂ ಬೇಡ. ಎಲ್ಲ ಹಲ್ಲನ್ನೂ ತೆಗೆಸಿಕೊಂಡ ಬೆಕ್ಕು ಕೂಡ ಮೆತ್ತನೆಯ ಅನ್ನ ತಿಂದು ಚೆನ್ನಾಗಿ ಬಾಳುತ್ತದೆ. ಆದರೆ ಹಲ್ಲು ಕೀಳುವುದು ಮತ್ತು ಬರಿಸಿ ವೈದ್ಯರು ಮಾಡುವ ಕೆಲಸ. ಇಕ್ಕಳ ಹಿಡಿದು ಮನೆಯಲ್ಲಿ ಮಾಡುವುದಲ್ಲ.

ವೈದ್ಯರನ್ನು ಕಾಣುವ ತನಕ ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಅನ್ನವನ್ನು ನುಣ್ಣಗೆ ಕಿವುಚಿ, ಮುಳ್ಳು ತೆಗೆದ ಮೀನನ್ನೋ ಬೇಯಿಸಿದ ಮೊಟ್ಟೆಯನ್ನೋ ಕಲಸಿ, ಉಗುರುಬೆಚ್ಚಗೆ ಇಡಿರಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನು ಹಾಕಬೇಡಿ. ನೀರು ಹತ್ತಿರದಲ್ಲಿಯೇ ಇರಲಿ. ಬಾಯಿಗೆ ಉಪ್ಪುನೀರನ್ನು ಸುರಿಯುವುದು ಬೇಡ, ಅದು ಶ್ವಾಸಕ್ಕೆ ಹೋದೀತು. ಬೆಕ್ಕು ಎರಡು ದಿನ ಏನನ್ನೂ ಮುಟ್ಟದಿದ್ದರೆ ಇನ್ನು ಕಾಯಬಾರದು. ಉಪವಾಸದಿಂದಲೇ ಅದರ ಯಕೃತ್ತು ಕೆಡುತ್ತದೆ.

ಹೋಗುವುದೆಲ್ಲಿಗೆ? ನಮ್ಮ ಪ್ರದೇಶಕ್ಕೆ ಪಶುಪಾಲನೆ ಹೊಸದಲ್ಲ. ಮತ್ತಿಗಿರಿಯ ಸರ್ಕಾರಿ ಜಾನುವಾರು ಕ್ಷೇತ್ರ 1824ರಲ್ಲಿ ಸೈನ್ಯದ ಕುದುರೆಗಳಿಗಾಗಿ ಆರಂಭವಾದದ್ದು. ಇಂಥ ನಾಡಿನಲ್ಲಿ ಸರ್ಕಾರಿ ಪಶು ಆಸ್ಪತ್ರೆ ದನಕ್ಕೆ ಮಾತ್ರ ಎಂಬ ಭಾವನೆ ಉಳಿದಿರುವುದು ವಿಷಾದಕರ. ಬೆಕ್ಕನ್ನು ಮಂಕರಿಯಲ್ಲಿಟ್ಟು ಮೇಲೆ ಬಟ್ಟೆ ಕಟ್ಟಿ ಮೊದಲು ಅಲ್ಲಿಗೇ ಒಯ್ಯಿರಿ. ಖರ್ಚೆಷ್ಟೆಂದು ಮೊದಲೇ ಕೇಳಲು ಸಂಕೋಚಪಡಬೇಡಿ. “ಕೆಟ್ಟ ಹಲ್ಲೊಂದನ್ನೇ ತೆಗೆಯಲಾದೀತೆ? ಈಗ ನೋವಿಗೆ, ಕೀವಿಗೆ ಮದ್ದು ಕೊಟ್ಟು ಸುಗ್ಗಿಯ ಮೇಲೆ ಹಲ್ಲು ಕೀಳಲಾದೀತೆ?” ಎಂದು ಕೇಳಿರಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯ ಕಾಲೇಜಿನ ಆಸ್ಪತ್ರೆಯುಂಟು.

ತಮಿಳು ಬಾರದ ನಮ್ಮ ಹೆಣ್ಣುಮಕ್ಕಳು, ಮುದುಕರು ಮಾತಿಗೆ ಅಂಜಿ ಹಿಂದೆ ಉಳಿಯುವುದೂ ಉಂಟು. ಅಂಜಬೇಕಾದ್ದಿಲ್ಲ. ಬೆಕ್ಕು ಅವರಿಗೆ ಪೂನೈ, ಊತ ವೀಕ್ಕಂ, ಹಲ್ಲು ಪಲ್. ಈ ಪಲ್ ನಮ್ಮ ಹಳಗನ್ನಡದ್ದೂ ಹೌದು. ಮೂರು ಮಾತು ಸಾಕು, ಉಳಿದುದನ್ನು ಬೆಕ್ಕಿನ ಬಾಯಿಯೇ ಹೇಳುತ್ತದೆ.

ವಾಸಿಯಾಗದ ಬೆಕ್ಕನ್ನು ಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬರುವ ಪದ್ಧತಿಯನ್ನು ನಾವು ಖಂಡಿಸುತ್ತೇವೆ. ಬಾಯಿ ನೊಂದ ಪ್ರಾಣಿಗೆ ಅದು ಹಸಿವಿನ ಸಾವು. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಬೇರೆ ದಾರಿಯೇ ಇಲ್ಲದಿದ್ದರೆ ನೋವಿಲ್ಲದೆ ಮುಗಿಸುವುದನ್ನು ವೈದ್ಯರಿಗೆ ಬಿಡುವುದು ಮೇಲು.

ಕೊನೆಯದಾಗಿ ಒಂದು ಸಲಹೆ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಪಶುವೈದ್ಯರು ಹಳ್ಳಿಗೆ ಬರುವ ದಿನಗಳುಂಟು. ಆ ದಿನ ದನಗಳ ಕೆಲಸ ಮುಗಿದ ಮೇಲೆ ಒಂದು ಗಂಟೆ ಬೆಕ್ಕು ನಾಯಿಗಳಿಗೆ ಮೀಸಲಾಗಲಿ. ಬಾಯಿ ನೋಡುವುದೂ ಹುಚ್ಚುರೋಗದ ಲಸಿಕೆ ಹಾಕುವುದೂ ಒಟ್ಟಿಗೇ ಆಗಲಿ. ಹಾಲಿನ ಸಂಘದವರು ಮನೆಗಿಷ್ಟೆಂದು ಒಂದು ಸಣ್ಣ ನಿಧಿ ಕೂಡಿಸಿದರೆ, ಒಬ್ಬ ಬಡವಿಗೆ ಭಾರವಾದ ಖರ್ಚು ಊರಿಗೆ ಹಗುರವಾಗುತ್ತದೆ. ಪಂಚಾಯಿತಿಯವರೂ ಇಲಾಖೆಯವರೂ ಇದನ್ನು ಯೋಚಿಸಬೇಕೆಂದು ನಮ್ಮ ಬಿನ್ನಹ. ಅಷ್ಟರೊಳಗೆ ವಾಚಕರು ಇಂದು ರಾತ್ರಿ ಅನ್ನ ಹಾಕುವಾಗ ಬೆಕ್ಕು ಯಾವ ದವಡೆಯಲ್ಲಿ ಅಗಿಯುತ್ತದೆಂದು ಒಮ್ಮೆ ನೋಡಲಿ.