ಆ ಹಾಳೆಗಳನ್ನು ಒಮ್ಮೆ ಬಿಡಿಸಿ ನೋಡಿ

ಕಳೆದ ತಿಂಗಳು ಸೌದಿಯ ಜುಬೈಲ್‌ನಿಂದ ಒಂದು ಫೋನ್ ಬಂತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ. ಸಲಾಂ, ಕುಶಲ ಎಲ್ಲ ಆದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. "ಉಸ್ತಾದ್, ನೀವು ಅವಳಿಗೆ ಸ್ವಲ್ಪ ಬುದ್ಧಿ ಹೇಳ್ಬೇಕು. ಆರ್ಕಿಟೆಕ್ಚರ್ ಅಂತ ಸೇರಿ ಮೂರು ವರ್ಷ ಆಯ್ತು. ಮನೆಯಲ್ಲಿ ನೋಡಿದರೆ ಚಿತ್ರ ಬಿಡಿಸುವುದು ಬಿಟ್ಟು ಬೇರೆ ಏನೂ ಕಾಣುವುದಿಲ್ಲವಂತೆ. ಇನ್ನೂ ಎರಡು ವರ್ಷ ಉಂಟು. ಅದನ್ನು ಇಲ್ಲಿಗೆ ನಿಲ್ಲಿಸಿ ಬಿ.ಕಾಂ.ಗೆ ಹಾಕಿದರೆ ಹೇಗೆ?"

ಹೇಳುತ್ತೇನೆ ಎಂದೆ. ಚಿತ್ರ ಬರೆಯುವುದರ ಬಗ್ಗೆ ನನ್ನ ಅಭಿಪ್ರಾಯವೂ ಆಗ ಅದಕ್ಕಿಂತ ದೊಡ್ಡದೇನೂ ಆಗಿರಲಿಲ್ಲ.

ಮುಂದಿನ ಆದಿತ್ಯವಾರ ಹುಡುಗಿ ಉಮ್ಮನ ಜೊತೆ ಮದ್ರಸಕ್ಕೆ ಬಂದಳು. ಹೆಗಲಲ್ಲಿ ಉದ್ದದ ಒಂದು ಪ್ಲಾಸ್ಟಿಕ್ ಕೊಳವೆ. "ಉಸ್ತಾದ್, ಬೈಯುವ ಮೊದಲು ಒಮ್ಮೆ ನೋಡಿ" ಅಂದಳು. ಮಕ್ಕಳ ಬೆಂಚುಗಳನ್ನು ಜೋಡಿಸಿ ಹಾಳೆಗಳನ್ನು ಹರಡಿದೆವು. ನಾಲ್ಕು ಮೂಲೆಗೂ ಕಿತಾಬುಗಳನ್ನು ಭಾರ ಇಟ್ಟೆವು, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತವೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಇವಳು ನಾಲ್ಕನೇ ತರಗತಿಯಲ್ಲಿದ್ದಾಗ ಅರಬಿ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ನಮ್ಮ ಮದ್ರಸದ ಚಿತ್ರ ಬರೆದಿದ್ದಳು. ಎದುರಿನಿಂದ ಕಾಣುವಂತೆ ಅಲ್ಲ, ಮಾಡು ತೆಗೆದು ಮೇಲಿನಿಂದ ಇಣುಕಿದ ಹಾಗೆ. ಬೆಂಚುಗಳು, ನನ್ನ ಮೇಜು, ಮೂಲೆಯಲ್ಲಿ ಒದ್ದೆ ಕೊಡೆಗಳು. ನಾನು ಆ ಪುಟವನ್ನು ಹರಿದು, ಅವಳನ್ನು ಪಾಠ ಮುಗಿಯುವ ತನಕ ನಿಲ್ಲಿಸಿದ್ದೆ. ಹಾಗೆ ಬರೆಯುವುದಕ್ಕೆ ಪ್ಲಾನ್ ಎನ್ನುತ್ತಾರೆ, ಅದನ್ನು ಕಲಿಸುವುದಕ್ಕೆ ಐದು ವರ್ಷದ ಕೋರ್ಸ್ ಉಂಟು ಎಂಬುದು ನನ್ನ ತಲೆಗೆ ಹೋದದ್ದು ಈಗ.

ಮೊದಲ ಹಾಳೆಯಲ್ಲಿ ಇದ್ದದ್ದು ಅವಳ ತಂದೆಯ ಊರಿನ ಹಳೆಯ ಪಳ್ಳಿ. ಎರಡನೇ ವರ್ಷದಲ್ಲಿ ಯಾವುದಾದರೂ ಹಳೆಯ ಕಟ್ಟಡವನ್ನು ಅಳೆದು ನಕ್ಷೆ ಮಾಡಬೇಕಂತೆ. ಕಮಿಟಿಯ ಒಪ್ಪಿಗೆ ಪಡೆದು, ನಮಾಝಿನ ಹೊತ್ತು ಬಿಟ್ಟು, ಸಹಪಾಠಿಗಳ ಜೊತೆ ನಾಲ್ಕು ದಿನ ಟೇಪು, ಏಣಿ, ತೂಗುಗುಂಡು ಹಿಡಿದು ಅಳೆದಿದ್ದಾರೆ. ಹಲಸಿನ ಹಣ್ಣನ್ನು ನಡುವಿಗೆ ಕೊಯ್ದರೆ ಒಳಗಿನದ್ದೆಲ್ಲ ಕಾಣುತ್ತದಲ್ಲ, ಹಾಗೆ ಇಡೀ ಪಳ್ಳಿಯನ್ನು ಕೊಯ್ದು ತೋರಿಸಿದ್ದಾಳೆ. ಮೊಳಕ್ಕಿಂತ ದಪ್ಪದ ಮುರಕಲ್ಲಿನ ಗೋಡೆ. ಅದರ ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಪಕ್ಕಾಸು, ರೀಪು, ಹಂಚು. ಹಂಚಿನ ಹಿಂಬದಿಯಲ್ಲಿದ್ದ ಕಾರ್ಖಾನೆಯ ಮುದ್ರೆಯನ್ನು ಕೂಡ ಬರೆದುಕೊಂಡಿದ್ದಾಳೆ. 1865ರಲ್ಲಿ ಬಾಸೆಲ್ ಮಿಷನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕರಾವಳಿಯ ಮಾಡುಗಳು ಕೆಂಪಾದದ್ದು ನಿಮಗೆ ಗೊತ್ತು. ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಬಿಸಿ ಗಾಳಿ ಮೇಲೆ ಹೋಗಿ ಹಂಚಿನ ಸಂದಿನಿಂದ ಹೇಗೆ ಹೊರಗೆ ಹೋಗುತ್ತದೆ ಎಂದು ಸಣ್ಣ ಬಾಣಗಳು. ನಾನು ಆ ಪಳ್ಳಿಯಲ್ಲಿ ಎಷ್ಟೋ ಸಲ ಲುಹರ್ ನಮಾಝ್ ಮಾಡಿದವನು. ಏಪ್ರಿಲ್ ತಿಂಗಳಲ್ಲೂ ಒಳಗೆ ತಂಪು ಇರುತ್ತಿತ್ತು. ಯಾಕೆ ಎಂದು ಒಮ್ಮೆಯೂ ಕೇಳಿಕೊಂಡವನಲ್ಲ.

ಆ ಪಳ್ಳಿ ಈಗ ಇಲ್ಲ. ಕೆಡವಿ ವರ್ಷ ದಾಟಿತು. ಜುಮಾಕ್ಕೆ ಜನ ಹಿಡಿಯುತ್ತಿರಲಿಲ್ಲ, ಅದು ನಿಜ, ಜಮಾಅತನ್ನು ದೂರಿ ಪ್ರಯೋಜನವಿಲ್ಲ. ಆದರೆ ಅದರ ಕಂಬಗಳು ಎಷ್ಟಿದ್ದವು, ಮಿಂಬರ್ ಎಷ್ಟು ಎತ್ತರವಿತ್ತು ಎಂದು ಇವತ್ತು ಯಾರಾದರೂ ಕೇಳಿದರೆ ಉತ್ತರ ಇರುವುದು ಈ ಹುಡುಗಿಯ ಕೊಳವೆಯಲ್ಲಿ ಮಾತ್ರ. ಕಮಿಟಿಯ ಕಡತದಲ್ಲಿ ಒಂದು ಫೋಟೋ ಇದೆಯಂತೆ, ಅದೂ ಮುಂಬಾಗಿಲಿನದ್ದು, ಅದರ ಮುಂದೆ ಹತ್ತು ಜನ ನಿಂತಿದ್ದಾರೆ.

ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಗೆ ಹೋದವರು ಕೆತ್ತನೆಯ ಮರದ ಕಂಬಗಳ ಆ ಒಳ ಪಳ್ಳಿಯನ್ನು ನೋಡಿಯೇ ಇರುತ್ತೀರಿ. ಅದು ಉಳಿದ ಕಾರಣಕ್ಕೆ ಇವತ್ತು ದೂರದ ಊರಿನವರೂ ಬಂದು ನೋಡಿ ಹೋಗುತ್ತಾರೆ. ಹಳೆಯದನ್ನು ಒಳಗೆ ಇಟ್ಟು ಸುತ್ತ ಜಾಗ ಮಾಡಿಕೊಳ್ಳುವ ದಾರಿಯೂ ಉಂಟು ಎಂದು ಹೇಳುವುದಕ್ಕೆ ಆ ಊರಿನ ಸಭೆಯಲ್ಲಿ ಒಬ್ಬರು ಬೇಕಿತ್ತು. ಹೇಳಬಹುದಾಗಿದ್ದವಳು ಆಗ ಹಾಸ್ಟೆಲಿನಲ್ಲಿ ಕುಳಿತು ಆ ಪಳ್ಳಿಯ ನಕ್ಷೆಗೇ ಶಾಯಿ ಹಚ್ಚುತ್ತಿದ್ದಳು. ಯಾರೂ ಅವಳನ್ನು ಕೇಳಲಿಲ್ಲ.

ಎರಡನೆಯದು ಮೂರನೇ ವರ್ಷದ ಕೆಲಸ. ಒಂದು ಮದ್ರಸ, ಜೊತೆಗೆ ಸಣ್ಣ ನಮಾಝ್ ಹಾಲ್. ಇಲ್ಲಿ ನಾನು ತುಂಬ ಹೊತ್ತು ನಿಂತೆ. ನಮ್ಮಲ್ಲಿ ಪಶ್ಚಿಮ ಎಂದರೆ ಖಿಬ್ಲಾ ಎಂದು ಬಾಯಿಮಾತಿಗೆ ಹೇಳುತ್ತೇವೆ. ಆದರೆ ಮಂಗಳೂರಿನಿಂದ ಅದು ನೇರ ಪಶ್ಚಿಮ ಅಲ್ಲ, ಸುಮಾರು 19 ಡಿಗ್ರಿ ಉತ್ತರಕ್ಕೆ ವಾಲಿದೆ. ಜಾಗ ರಸ್ತೆಗೆ ಸರಿಯಾಗಿ ಇರುತ್ತದೆ, ಸಫ್ ಮಾತ್ರ ಓರೆ. ಎಷ್ಟು ಕಡೆ ನಾವು ಚಚ್ಚೌಕ ಹಾಲ್ ಕಟ್ಟಿ, ಮತ್ತೆ ಕಾರ್ಪೆಟಿಗೆ ಓರೆ ಗೆರೆ ಹಾಕಿ, ಮೂಲೆಗಳಲ್ಲಿ ಜಾಗ ಹಾಳು ಮಾಡಿಕೊಂಡಿಲ್ಲ? ಇವಳು ಹಾಲನ್ನೇ ತಿರುಗಿಸಿ ಇಟ್ಟಿದ್ದಾಳೆ. ಉಳಿದ ಮುಕ್ಕೋನ ಜಾಗದಲ್ಲಿ ಒಂದು ಕಡೆ ವುಝೂ ಮಾಡಲಿಕ್ಕೆ, ಇನ್ನೊಂದು ಕಡೆ ಚಪ್ಪಲಿ, ಕೊಡೆ ಇಡಲಿಕ್ಕೆ.

"ಇದು ನಿನ್ನದೇ ಯೋಚನೆಯಾ?" ಎಂದೆ. ಅಲ್ಲ ಎಂದಳು. ಢಾಕಾದಲ್ಲಿ ಬೈತುರ್ರವೂಫ್ ಎಂಬ ಮಸೀದಿ ಇದೆಯಂತೆ. ವಿನ್ಯಾಸ ಮಾಡಿದವರು ಮರೀನಾ ತಬಸ್ಸುಮ್ ಎಂಬ ಮಹಿಳೆ. ಅವರ ಅಜ್ಜಿ ಜಾಗ ಕೊಟ್ಟದ್ದು, ಕಟ್ಟಲು ಹಣ ಜನರಿಂದ ಸಂಗ್ರಹಿಸಿದ್ದು. 2012ರಲ್ಲಿ ಕೆಲಸ ಮುಗಿಯಿತು. ಅಲ್ಲಿ ಜಾಗಕ್ಕೂ ಖಿಬ್ಲಾಕ್ಕೂ 13 ಡಿಗ್ರಿ ವ್ಯತ್ಯಾಸ. ಅವರು ಹೊರಗಿನ ಚೌಕದ ಒಳಗೆ ಒಂದು ವೃತ್ತ ಇಟ್ಟು, ಅದರ ಒಳಗೆ ಹಾಲನ್ನು ತಿರುಗಿಸಿದರು. ಗುಂಬಜ್ ಇಲ್ಲ, ಮಿನಾರ ಇಲ್ಲ, ಎಲ್ಲ ಇಟ್ಟಿಗೆ. ಖಿಬ್ಲಾ ಕಡೆಯ ಗೋಡೆಯಲ್ಲಿ ಉದ್ದಕ್ಕೆ ಒಂದು ಸೀಳು, ಅಲ್ಲಿಂದ ಬೆಳಕು. 2016ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಹುಡುಗಿ ಫೋನಿನಲ್ಲಿ ಫೋಟೋ ತೋರಿಸಿದಳು. ಗುಂಬಜ್ ಇಲ್ಲದ ಪಳ್ಳಿ ನಮ್ಮವರಿಗೆ ಹಿಡಿಸುವುದು ಕಷ್ಟ ಎಂದೆ. "ಹಳೆಯ ಪಳ್ಳಿಯಲ್ಲಿ ಎಲ್ಲಿತ್ತು ಉಸ್ತಾದ್ ಗುಂಬಜ್?" ಅಂದಳು. ನನಗೆ ಉತ್ತರ ಇರಲಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಸ್ಲ್ಯಾಬ್ ಹಾಕುತ್ತೇವೆ, ಸೋರುತ್ತದೆ, ಅದರ ಮೇಲೆ ಮತ್ತೆ ಶೀಟು ಹೊದಿಸುತ್ತೇವೆ. ಒಂದು ಕಟ್ಟಡಕ್ಕೆ ಎರಡು ಮಾಡು, ಎರಡು ಖರ್ಚು.

ಅವಳ ನಕ್ಷೆಯಲ್ಲಿ ತಪ್ಪು ಇಲ್ಲ ಅಂತ ಅಲ್ಲ. ನಡುವೆ ತೆರೆದ ಅಂಗಳ ಇಟ್ಟು, ಅದರ ಸುತ್ತ ಜಗಲಿಯಲ್ಲಿ ಸಣ್ಣ ಮಕ್ಕಳ ಕ್ಲಾಸು ಇಟ್ಟಿದ್ದಳು. ಜೂನ್ ತಿಂಗಳ ಓರೆ ಮಳೆಗೆ ಆ ಮಕ್ಕಳ ಕಿತಾಬು ಎಲ್ಲ ಒದ್ದೆಯಾಗುತ್ತದೆ, ಮಾಡಿನ ಇಳಿಜಾರು ಇನ್ನೂ ಕೆಳಗೆ ಬರಬೇಕು ಎಂದೆ. ಕೂಡಲೇ ಪೆನ್ಸಿಲ್ ತೆಗೆದು ಅಲ್ಲೇ ಗೆರೆ ಎಳೆದಳು. ಇಪ್ಪತ್ತು ವರ್ಷದಿಂದ ಮದ್ರಸದಲ್ಲಿ ಇದ್ದೇನೆ. ಕಟ್ಟಡದ ಬಗ್ಗೆ ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ಇನ್ನೊಂದು ಸಣ್ಣ ಪುಸ್ತಕ ಇತ್ತು. ಕಾಲೇಜಿಗೆ ಕೊಡುವುದಲ್ಲ, ಅವಳ ಸ್ವಂತದ್ದು. ತೋರಿಸಲು ಸ್ವಲ್ಪ ಹಿಂಜರಿದಳು. ಪಳ್ಳಿಯ ಮೆಟ್ಟಿಲ ಮೇಲೆ ಜುಮಾ ದಿನದ ಚಪ್ಪಲಿ ರಾಶಿ. ಗೇರು ಮರ. ತುಕ್ಕು ಹಿಡಿದ ಬೀಗ. ಅಜ್ಜಿಯ ಕೈಗಳು ಪತ್ತಿರಿ ತಟ್ಟುತ್ತಿರುವುದು. ಅಲಿಕತ್ತು ಜೋಲುವ ಒಂದು ಕಿವಿ, ಅಷ್ಟೇ, ಮುಖ ಇಲ್ಲ. ಯಾಕೆ ಇಲ್ಲ ಎಂದು ನಾನು ಕೇಳಲಿಲ್ಲ, ಅವಳು ಮದ್ರಸದಲ್ಲಿ ಕಲಿತವಳು. ಚಿತ್ರದ ವಿಷಯದಲ್ಲಿ ಉಲಮಾಗಳ ಎಚ್ಚರಿಕೆಯನ್ನು ನಾನೇ ಅವಳಿಗೆ ಕಲಿಸಿದ್ದೆ. ಆದರೆ ಅದರ ಇನ್ನರ್ಧವನ್ನು ಕಲಿಸಿರಲಿಲ್ಲ. ಚಿತ್ರ ಬರೆದೇ ಹೊಟ್ಟೆ ಹೊರೆಯುವ ಒಬ್ಬ ಬಂದು ಕೇಳಿದಾಗ ಇಬ್ನು ಅಬ್ಬಾಸ್ (ರ) ಅವನಿಗೆ ಮರಗಳನ್ನು, ಜೀವವಿಲ್ಲದ ವಸ್ತುಗಳನ್ನು ಬರೆ ಎಂದು ದಾರಿ ತೋರಿಸಿದ್ದು ಸಹೀಹ್ ಬುಖಾರಿಯಲ್ಲೇ ಇದೆ. ನಾವು ಬಾಗಿಲು ಮುಚ್ಚಿದ್ದನ್ನು ಮಾತ್ರ ಹೇಳಿಕೊಡುತ್ತೇವೆ.

ಕಾಲೇಜಿನ ಕೆಲಸ ಸರಿ, ಈ ಸ್ವಂತ ಚಿತ್ರಗಳಿಂದ ಏನು ಉಪಯೋಗ ಎಂದು ಅವಳ ಉಮ್ಮ ಕೇಳಿದರು. ಹುಡುಗಿ ಹೇಳಿದ್ದು ಝಹಾ ಹದೀದ್ ಅವರ ಕಥೆ. 1950ರಲ್ಲಿ ಬಗ್ದಾದಿನಲ್ಲಿ ಹುಟ್ಟಿದವರು. ಬೈರೂತಿನಲ್ಲಿ ಗಣಿತ ಓದಿ, 1972ರಲ್ಲಿ ಲಂಡನಿಗೆ ಆರ್ಕಿಟೆಕ್ಚರ್ ಕಲಿಯಲು ಹೋದರು. ವಿದ್ಯಾರ್ಥಿಯಾಗಿ ಅವರ ಕೊನೆಯ ಪ್ರಾಜೆಕ್ಟ್ ಥೇಮ್ಸ್ ನದಿಯ ಹಂಗರ್‌ಫೋರ್ಡ್ ಸೇತುವೆಯ ಮೇಲೆ ಒಂದು ಹೋಟೆಲ್. ಅದನ್ನು ನಕ್ಷೆಯಂತೆ ಅಲ್ಲ, ಮಲೇವಿಚ್ ಎಂಬ ಚಿತ್ರಕಾರನ ಆಕಾರಗಳನ್ನು ಹಿಡಿದು ಬಣ್ಣದ ಚಿತ್ರದಂತೆ ಬರೆದರು. ನಾನೂ ಆ ಚಿತ್ರ ನೋಡಿದೆ. ಸತ್ಯ ಹೇಳುವುದಾದರೆ ಹೋಟೆಲ್ ಎಲ್ಲಿದೆ ಎಂದು ನನಗೆ ಗೊತ್ತಾಗಲಿಲ್ಲ, ಗಾಜು ಒಡೆದು ಬಿದ್ದ ಹಾಗೆ ಕಂಡಿತು. ಆ ಹೋಟೆಲನ್ನು ಯಾರೂ ಕಟ್ಟಲಿಲ್ಲ. 1983ರಲ್ಲಿ ಹಾಂಗ್‌ಕಾಂಗಿನ ಒಂದು ಸ್ಪರ್ಧೆ ಗೆದ್ದರು, ಅದನ್ನೂ ಕಟ್ಟಲಿಲ್ಲ. ಕಾಗದದ ಆರ್ಕಿಟೆಕ್ಟ್ ಎಂದು ಜನ ಆಡಿಕೊಂಡರು. ಮೊದಲ ಮುಖ್ಯ ಕಟ್ಟಡ, ಜರ್ಮನಿಯ ಒಂದು ಕಾರ್ಖಾನೆಯ ಅಗ್ನಿಶಾಮಕ ಠಾಣೆ, ಮುಗಿದದ್ದು 1993ರಲ್ಲಿ. ಓದು ಮುಗಿಸಿ 16 ವರ್ಷಕ್ಕೆ! ಅಷ್ಟು ಕಾಲ ಕೈಯಲ್ಲಿ ಇದ್ದದ್ದು ಹೆಚ್ಚಾಗಿ ಚಿತ್ರಗಳೇ. 2004ರಲ್ಲಿ ಈ ಕ್ಷೇತ್ರದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಪಡೆದ ಮೊದಲ ಮಹಿಳೆ ಅವರೇ.

ನಮ್ಮ ಹುಡುಗಿ ಝಹಾ ಹದೀದ್ ಆಗುತ್ತಾಳೆ ಎಂದು ನಾನು ಹೇಳುವುದಿಲ್ಲ. ಅವಳೂ ಹೇಳಲಿಲ್ಲ. ಶುರುವಿನಲ್ಲಿ ಸಂಬಳ ದೊಡ್ಡದೇನಲ್ಲ, ಕಾಗದ, ಮಾಡೆಲಿನ ಬೋರ್ಡು, ಲ್ಯಾಪ್‌ಟಾಪ್ ಅಂತ ಖರ್ಚು ಮಾತ್ರ ನಿಲ್ಲುವುದಿಲ್ಲ ಎಂದು ಅವಳೇ ಒಪ್ಪಿಕೊಂಡಳು. ಮರುಭೂಮಿಯ ಬಿಸಿಲಲ್ಲಿ ದುಡಿದು ಕಳಿಸುವ ತಂದೆಗೆ ಇದು ಸಣ್ಣ ವಿಷಯವಲ್ಲ. ಅವರ ಪ್ರಶ್ನೆ ನ್ಯಾಯದ್ದೇ.

ನನ್ನ ಮಾತು ಬೇರೆ. ನಮ್ಮ ಸಮುದಾಯದಷ್ಟು ಕಟ್ಟುವವರು ಈ ಕರಾವಳಿಯಲ್ಲಿ ಯಾರಿದ್ದಾರೆ ಮಾರಾಯ್ರೆ? ಗಲ್ಫಿನ ದುಡ್ಡು ಊರಿಗೆ ಬಂದು ನಿಂತದ್ದೇ ಕಲ್ಲು, ಸಿಮೆಂಟಿನಲ್ಲಿ. ಮನೆ, ಪಳ್ಳಿ, ಮದ್ರಸ, ಮದುವೆ ಹಾಲ್, ಯತೀಂಖಾನ. ಆದರೆ ವಿನ್ಯಾಸ ಎಂದರೆ ಫೋನಿನಲ್ಲಿ ಸಿಕ್ಕಿದ ಯಾವುದೋ ದೇಶದ ಕಟ್ಟಡದ ಮುಖವನ್ನು ಗುತ್ತಿಗೆದಾರನಿಗೆ ತೋರಿಸಿ "ಇದೇ ಹಾಗೆ ಬೇಕು" ಎನ್ನುವುದು. ಮಗಳು ಐದು ವರ್ಷ ಕುಳಿತು ಕಲಿಯುವುದು ಮಾತ್ರ ನಮಗೆ ಕಾಲಹರಣ. ಅದು ಬರೀ ಚಿತ್ರದ ಓದೂ ಅಲ್ಲ. ಐದು ವರ್ಷ ಮುಗಿಸಿ, 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದರೆ ಮಾತ್ರ ಈ ದೇಶದಲ್ಲಿ ಒಬ್ಬರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಮೂರನೇ ವರ್ಷಕ್ಕೆ ಬಿಟ್ಟರೆ ಕೈಯಲ್ಲಿ ಉಳಿಯುವುದು ಈ ಕೊಳವೆ ಒಂದೇ.

ಅವತ್ತು ರಾತ್ರಿ ತಂದೆಗೆ ನಾನೇ ವಿಡಿಯೋ ಕಾಲ್ ಮಾಡಿದೆ. ಬುದ್ಧಿ ಹೇಳಲಿಕ್ಕೆ ಹೋಗಲಿಲ್ಲ. ಹುಡುಗಿ ತನ್ನ ಮನೆಯಿಂದ ಕಳಿಸಿದ್ದ ಹಳೆಯ ಪಳ್ಳಿಯ ಹಾಳೆಯನ್ನು ಗೋಡೆಗೆ ಅಂಟಿಸಿ ಫೋನನ್ನು ಅದರ ಮುಂದೆ ಹಿಡಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಮತ್ತೆ "ಸ್ವಲ್ಪ ಎಡಕ್ಕೆ ಹಿಡೀರಿ ಉಸ್ತಾದ್" ಎಂದರು. ಹೌಝಿನ ಬದಿಯ ಕಿಟಕಿ ನೋಡಬೇಕಿತ್ತು ಅವರಿಗೆ. ಅಲ್ಲಿ ಕುಳಿತು ಓದುತ್ತಿದ್ದರಂತೆ.

ಏಳನೇ ಸೆಮಿಸ್ಟರಿನ ಫೀಸು ಕಟ್ಟಿಯಾಗಿದೆ. ನಮ್ಮ ಮದ್ರಸಕ್ಕೆ ಮೇಲಿನ ಮಹಡಿ ಕಟ್ಟುವ ವಿಷಯ ಬರುವ ಕಮಿಟಿ ಸಭೆಯಲ್ಲಿದೆ, ಗುತ್ತಿಗೆದಾರರ ಕೊಟೇಶನ್ ಎರಡು ಬಂದಿವೆ. ಅವಳ ಮದ್ರಸದ ಹಾಳೆಯನ್ನು ನಾನು ಕೇಳಿ ಇಟ್ಟುಕೊಂಡಿದ್ದೇನೆ. ಸಭೆಗೆ ಬರುವ ಹಿರಿಯರು ಕೊಟೇಶನ್ ತೆರೆಯುವ ಮೊದಲು ಹತ್ತು ನಿಮಿಷ ಅದನ್ನು ನೋಡಬೇಕು ಎಂದು ಇಲ್ಲಿಂದಲೇ ಕೇಳಿಕೊಳ್ಳುತ್ತೇನೆ. ಮೂಲೆಗೆ ಭಾರ ಇಡಲು ಕಿತಾಬು ನಾನು ತರುತ್ತೇನೆ.