ಸ್ಕ್ಯಾನಿಂಗ್ ವರದಿಯೇ ತೀರ್ಪಾಗದಿರಲಿ

ಗರ್ಭಕೋಶ ತೆಗೆಯುವ ಅನಗತ್ಯ ಶಸ್ತ್ರಚಿಕಿತ್ಸೆಗಳಿಗೆ ಕಡಿವಾಣ ಹಾಕುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ರಾಜ್ಯಗಳಿಗೆ ನಿರ್ದೇಶನ ನೀಡಿತು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕು, ತಪ್ಪೆಸಗಿದ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸಬೇಕು ಎಂಬುದು ಅದರ ಸಾರ. ಆದರೆ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲಿ ಕಾವಲು ಹಾಕಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದೇ? ಮಹಿಳೆ ಆ ಬಾಗಿಲಿಗೆ ಬರುವ ಎಷ್ಟೋ ಮುನ್ನವೇ, ಒಂದು ಸ್ಕ್ಯಾನಿಂಗ್ ವರದಿ ಮತ್ತು ಅರ್ಧಕ್ಕೆ ನಿಂತ ಮಾತ್ರೆಗಳ ನಡುವೆ, ತೀರ್ಮಾನ ಆಗಿಹೋಗಿರುತ್ತದೆ.

ಇದು ಕರ್ನಾಟಕಕ್ಕೆ ದೂರದ ಸಂಗತಿಯಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ಹಾಗೂ ದಲಿತ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ಆರೋಪ 2015ರಲ್ಲಿ ರಾಜ್ಯವನ್ನು ಬೆಚ್ಚಿಬೀಳಿಸಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49ರ ವಯೋಮಾನದ ಮಹಿಳೆಯರಲ್ಲಿ ಶೇ 3.3ರಷ್ಟು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ. ಇವುಗಳಲ್ಲಿ ಹೆಚ್ಚಿನವು ನಡೆದಿರುವುದು ಖಾಸಗಿ ಆಸ್ಪತ್ರೆಗಳಲ್ಲಿ. ಮಹಿಳೆಯರು ಮುಂದಿಟ್ಟ ಪ್ರಮುಖ ಕಾರಣ ಮುಟ್ಟಿನ ಅತಿಸ್ರಾವ ಹಾಗೂ ನೋವು ಎಂಬುದು ಗಮನಾರ್ಹ. ಔಷಧಿಯಿಂದ ಬಹುಮಟ್ಟಿಗೆ ಹತೋಟಿಗೆ ಬರಬಲ್ಲ ತೊಂದರೆಗೇ ಕತ್ತರಿ ಪ್ರಯೋಗವಾಗುತ್ತಿದೆ.

ವರದಿ ಹೇಳುವುದೇನು?

ಅತಿಸ್ರಾವದ ದೂರಿನೊಂದಿಗೆ ಬಂದವರಿಗೆ ಕಿಬ್ಬೊಟ್ಟೆಯ ಅಲ್ಟ್ರಾಸೌಂಡ್ ಅಗತ್ಯವೇ ಸರಿ. ಗಡ್ಡೆ, ಪಾಲಿಪ್, ಅಂಡಾಶಯದ ನೀರುಗುಳ್ಳೆಗಳನ್ನು ಅದು ತೋರಿಸುತ್ತದೆ. ಆದರೆ ಕಂಡದ್ದೆಲ್ಲ ರಕ್ತಸ್ರಾವಕ್ಕೆ ಕಾರಣವಲ್ಲ. ‘ಗರ್ಭಕೋಶ ದಪ್ಪಗಾಗಿದೆ’ ಎಂಬ ಒಂದು ಸಾಲು, ಹೆರಿಗೆಯಾದ ಎಷ್ಟೋ ಮಹಿಳೆಯರ ವರದಿಯಲ್ಲಿ ಬರುವಂಥದು. ಮುಟ್ಟಾಗುತ್ತಿರುವ ವಯಸ್ಸಿನಲ್ಲಿ ಕಾಣುವ ಸಣ್ಣ ನೀರುಗುಳ್ಳೆಗಳು ಅನೇಕ ವೇಳೆ ತಾವಾಗಿಯೇ ಕರಗುತ್ತವೆ.

ಗರ್ಭಕೋಶದ ಒಳಪದರದ ಅಳತೆಯೂ ಹಾಗೆಯೇ. ಮುಟ್ಟು ನಿಂತ ಕೂಡಲೇ ತೆಳುವಾಗಿರುವ ಈ ಪದರ, ಮುಂದಿನ ಮುಟ್ಟಿನ ಹೊತ್ತಿಗೆ 10 ಮಿ.ಮೀ. ಮೀರುವುದು ಸಹಜ. ಋತುಬಂಧದ ನಂತರ ರಕ್ತಸ್ರಾವವಾದಾಗ ಮಾತ್ರ ಲೆಕ್ಕ ಬೇರೆ. ಆಗ ಪದರ 4 ಮಿ.ಮೀ. ಮೀರಿದರೆ ಅಂಗಾಂಶ ಪರೀಕ್ಷೆ ನಡೆಸಿ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. 45 ದಾಟಿದವರಲ್ಲಿ ಅಸಹಜ ಸ್ರಾವ ಕಂಡುಬಂದರೂ ಈ ಪರೀಕ್ಷೆ ಮುಖ್ಯ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದನ್ನು ಹೇಳುವುದು ಅಂಗಾಂಶವೇ ಹೊರತು ಸ್ಕ್ಯಾನಿಂಗ್ ಚಿತ್ರವಲ್ಲ. ವರದಿ ತೋರಿಸಿ ‘ಮುಂದೆ ಕ್ಯಾನ್ಸರ್ ಆದೀತು’ ಎಂದು ಹೆದರಿಸುವುದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ.

ಔಷಧಿ ಸೋಲುವುದೆಲ್ಲಿ?

ಗಂಭೀರ ದೋಷ ಕಾಣದಿದ್ದಾಗ ಮೊದಲ ಆಯ್ಕೆ ಔಷಧಿ. ಹಾರ್ಮೋನ್ ಅಲ್ಲದ ಟ್ರಾನೆಕ್ಸಾಮಿಕ್ ಆಸಿಡ್ ಸ್ರಾವವನ್ನು ತಗ್ಗಿಸುತ್ತದೆ. ನಾರ್‌ಎಥಿಸ್ಟೆರಾನ್‌ನಂತಹ ಹಾರ್ಮೋನ್ ಮಾತ್ರೆಗಳು ಒಳಪದರವನ್ನು ಸ್ಥಿರಗೊಳಿಸುತ್ತವೆ. ಲೆವೊನಾರ್ಜೆಸ್ಟ್ರೆಲ್ ಹಾರ್ಮೋನನ್ನು ಗರ್ಭಕೋಶದೊಳಗೇ ಬಿಡುಗಡೆ ಮಾಡುವ ಸಾಧನವನ್ನು ಒಮ್ಮೆ ಅಳವಡಿಸಿದರೆ ವರ್ಷಗಳ ಕಾಲ ಕೆಲಸ ಮಾಡುತ್ತದೆ. ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ ಇದನ್ನೇ ಮೊದಲು ಪರಿಗಣಿಸುವಂತೆ ಹೇಳುತ್ತದೆ.

ಆದರೆ ಇವುಗಳ ನಡವಳಿಕೆಯನ್ನು ರೋಗಿಗೆ ವಿವರಿಸುವವರು ಕಡಿಮೆ. ಹಾರ್ಮೋನ್ ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮತ್ತೆ ಸ್ರಾವವಾಗುತ್ತದೆ. ಅದು ನಿರೀಕ್ಷಿತ, ಆದರೂ ‘ಮಾತ್ರೆ ಹಿಡಿಸಲಿಲ್ಲ’ ಎಂದು ಮಹಿಳೆ ಚಿಕಿತ್ಸೆ ಕೈಬಿಡುತ್ತಾಳೆ. ಸಾಧನ ಅಳವಡಿಸಿದ ಮೊದಲ ಮೂರರಿಂದ ಆರು ತಿಂಗಳು ಅನಿಯಮಿತವಾಗಿ ರಕ್ತ ಕಾಣಿಸುವುದೂ ಉಂಟು. ಈ ಮಾತನ್ನು ಮೊದಲೇ ಹೇಳದಿದ್ದರೆ ಔಷಧಿ ‘ಸೋತಿತು’ ಎಂದು ದಾಖಲಾಗುತ್ತದೆ, ಶಸ್ತ್ರಚಿಕಿತ್ಸೆಗೆ ದಾರಿ ಸುಗಮವಾಗುತ್ತದೆ.

ಹಾರ್ಮೋನ್ ಎಲ್ಲರಿಗೂ ಹೊಂದುವುದಿಲ್ಲ ಎಂಬುದೂ ನಿಜ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿರುವವರು, ಅಧಿಕ ರಕ್ತದೊತ್ತಡ ಉಳ್ಳವರು ಈಸ್ಟ್ರೋಜೆನ್ ಇರುವ ಮಾತ್ರೆಗಳಿಂದ ದೂರವಿರಬೇಕಾಗುತ್ತದೆ. ಕ್ಯಾನ್ಸರ್ ಪತ್ತೆಯಾದಾಗ, ಗಡ್ಡೆ ತೀರಾ ದೊಡ್ಡದಿದ್ದಾಗ, ಔಷಧಿ ನಿಜಕ್ಕೂ ಫಲಿಸದಿದ್ದಾಗ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ. ಆದರೆ ಎಳೆಯ ವಯಸ್ಸಿನಲ್ಲಿ ಗರ್ಭಕೋಶದ ಜತೆ ಅಂಡಾಶಯವನ್ನೂ ತೆಗೆದರೆ ಋತುಬಂಧ ತಕ್ಷಣವೇ ಎರಗುತ್ತದೆ. ಮೂಳೆ ಸವೆತ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಕೂಲಿಯನ್ನೇ ನಂಬಿದವಳಿಗೆ ಇದು ದುಡಿಮೆಯ ಶಕ್ತಿಯ ಪ್ರಶ್ನೆ.

ಹಣದ ಹಾದಿಯೂ ಶಸ್ತ್ರಚಿಕಿತ್ಸೆಯತ್ತಲೇ ಬೊಟ್ಟು ಮಾಡುತ್ತದೆ. ಆಯುಷ್ಮಾನ್ ಭಾರತ್ ಮುಖ್ಯವಾಗಿ ಒಳರೋಗಿ ಚಿಕಿತ್ಸೆಯ ವೆಚ್ಚ ಭರಿಸುವ ಯೋಜನೆ. ಗರ್ಭಕೋಶ ತೆಗೆಯಲು ಅದರಲ್ಲಿ ದರ ನಿಗದಿಯಾಗಿದೆ. ಹೊರರೋಗಿಯಾಗಿ ಆರು ತಿಂಗಳು ಮಾತ್ರೆ ನುಂಗುವ ಮಹಿಳೆಗೆ ಅದರ ನೆರವಿಲ್ಲ. ಸರ್ಕಾರಿ ಆಸ್ಪತ್ರೆಗೆ ಪದೇ ಪದೇ ಅಲೆದರೆ ದಿನಗೂಲಿ ಹೋಗುತ್ತದೆ. ‘ಒಮ್ಮೆಲೇ ತೆಗೆಸಿಬಿಡಿ’ ಎಂಬ ಸಲಹೆ ಆಕೆಗೆ ಹಿತವೆನಿಸಿದರೆ ಅಚ್ಚರಿಯಿಲ್ಲ.

ಆದ್ದರಿಂದ ಮೇಲ್ವಿಚಾರಣಾ ಸಮಿತಿಗಳು ಶಸ್ತ್ರಚಿಕಿತ್ಸೆಗಳನ್ನು ಎಣಿಸಿದರಷ್ಟೇ ಸಾಲದು. 40 ತುಂಬದ ಮಹಿಳೆಯ ಗರ್ಭಕೋಶ ತೆಗೆಯುವ ಮುನ್ನ ಯಾವ ಔಷಧಿಯನ್ನು, ಎಷ್ಟು ತಿಂಗಳು ಕೊಡಲಾಗಿತ್ತು, ಅಂಗಾಂಶ ಪರೀಕ್ಷೆ ಬೇಕಿದ್ದಲ್ಲಿ ನಡೆದಿತ್ತೇ ಎಂಬುದು ಕಡತದಲ್ಲಿ ಇರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹಾರ್ಮೋನ್ ಸಾಧನ ಉಚಿತವಾಗಿ ದೊರೆಯಬೇಕು. ಇವೆರಡೂ ಆಗದಿದ್ದರೆ ನ್ಯಾಯಾಲಯದ ಆದೇಶ ಕಡತದಲ್ಲೇ ಉಳಿದೀತು, ಸ್ಕ್ಯಾನಿಂಗ್ ವರದಿಯೇ ಅಂತಿಮ ತೀರ್ಪಾದೀತು.