ದೀಪ ನೀಲಿಯಾದರೆ ಹಾಡು ಚೆನ್ನಾಗಿ ಕೇಳುತ್ತಾ?

ಸ್ವಲ್ಪ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮೊದಲೇ ಕ್ಷಮೆ ಕೇಳಿಬಿಡ್ತೀನಿ. ಅರ್ಧ ಸಿಟ್ಟು ಲಾಸ್ ವೇಗಸ್‌ನಲ್ಲಿ ಪ್ರತಿ ಜನವರಿ ನಡೆಯುವ ಎಲೆಕ್ಟ್ರಾನಿಕ್ಸ್ ಜಾತ್ರೆಯ ಮೇಲೆ. ಇನ್ನರ್ಧ ನನ್ನ ಮೇಲೇ.

ಮೊನ್ನೆ ಶನಿವಾರ ಕಪಾಟು ಕ್ಲೀನ್ ಮಾಡುವಾಗ ಒಂದು ಪುಟ್ಟ ಪೆಟ್ಟಿಗೆ ಕೈಗೆ ಸಿಕ್ಕಿತು. ಅದನ್ನು ಡ್ಯಾಕ್ ಅಂತಾರೆ. ಕಂಪ್ಯೂಟರಿನಿಂದ ಬರುವ ಸೊನ್ನೆ-ಒಂದುಗಳನ್ನು ಸ್ಪೀಕರಿಗೆ ತಿಳಿಯುವ ವಿದ್ಯುತ್ ಅಲೆಯಾಗಿ ಬದಲಾಯಿಸುವ ಯಂತ್ರ. ಕಂಪನಿ ಕೆಲಸದ ಮೇಲೆ ಅಮೆರಿಕದಲ್ಲಿದ್ದಾಗ, 2022ರಲ್ಲಿ, ನಾನೂರು ಡಾಲರ್ ಕೊಟ್ಟು ತಂದದ್ದು. ಅದರ ಮುಖದ ಮೇಲೊಂದು ಸಾಸಿವೆಯಷ್ಟು ದೀಪ. ಎಂಕ್ಯೂಎ ಅನ್ನುವ ವಿಶೇಷ ಬಗೆಯ ಫೈಲು ಬಂದರೆ ದೀಪ ನೀಲಿಯಾಗುತ್ತದೆ. ಅಂದರೆ ಸ್ಟುಡಿಯೋದಲ್ಲಿ ಕಲಾವಿದ ಒಪ್ಪಿದ ದನಿಯೇ ಇದು, ಬೇರೆಯದ್ದಲ್ಲ ಅಂತ ಸರ್ಟಿಫಿಕೇಟು. ಆ ನೀಲಿ ಬೆಳಕನ್ನೇ ನೋಡುತ್ತಾ, "ಆಹಾ, ಎಷ್ಟು ಸ್ಪಷ್ಟ!" ಅಂತ ತಲೆದೂಗಿದ ರಾತ್ರಿಗಳು ಎಷ್ಟೋ.

ಈಗ ಆ ದೀಪ ನೀಲಿಯಾಗುವುದಿಲ್ಲ. ಎಂಕ್ಯೂಎ ಕಂಪನಿ 2023ರ ಏಪ್ರಿಲ್‌ನಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಅದೇ ಸೆಪ್ಟೆಂಬರಿನಲ್ಲಿ ಕೆನಡಾದ ಲೆನ್‌ಬ್ರೂಕ್ ಅದನ್ನು ಕೊಂಡಿತು. ನಾನು ಹಾಡು ಕೇಳುತ್ತಿದ್ದ ಟೈಡಲ್, 2024ರ ಜುಲೈನಲ್ಲಿ ಎಂಕ್ಯೂಎ ಕೈಬಿಟ್ಟು ಎಲ್ಲರಿಗೂ ಮುಕ್ತವಾಗಿರುವ ಫ್ಲ್ಯಾಕ್ ಫೈಲುಗಳಿಗೆ ಬದಲಾಯಿತು.

ಇಲ್ಲಿ ನನ್ನನ್ನು ಕೊರೆದದ್ದು ಹೋದ ದುಡ್ಡಲ್ಲ. ದೀಪ ಹೋದ ಮೇಲೂ ಹಾಡು ಹಾಗೇ ಇತ್ತು. ಒಂಚೂರೂ ವ್ಯತ್ಯಾಸವಿಲ್ಲ! ಹಾಗಾದರೆ ಎರಡು ವರ್ಷ ನಾನು ಕೇಳಿದ್ದೇನು?

ಸ್ವಲ್ಪ ಹಿಂದಕ್ಕೆ ಹೋಗೋಣ. ಸಿಇಎಸ್ ಅನ್ನುವ ಈ ಮೇಳ ಶುರುವಾದದ್ದು 1967ರಲ್ಲಿ, ನ್ಯೂಯಾರ್ಕಿನಲ್ಲಿ. ಆಮೇಲೆ ಲಾಸ್ ವೇಗಸ್‌ಗೆ ಬಂತು. ಅದು ಸಾರ್ವಜನಿಕರಿಗಲ್ಲ, ವ್ಯಾಪಾರಸ್ಥರಿಗೆ ಮತ್ತು ಪತ್ರಕರ್ತರಿಗೆ. ಟಿವಿ, ಫ್ರಿಜ್ಜು, ಫೋನುಗಳೆಲ್ಲ ದೊಡ್ಡ ಹಾಲ್‌ಗಳಲ್ಲಿ. ಆದರೆ ಲಕ್ಷಗಟ್ಟಲೆ ಬೆಲೆಯ ಹೈ-ಎಂಡ್ ಆಡಿಯೋದವರು ಎಷ್ಟೋ ವರ್ಷ ವೆನೀಶಿಯನ್ ಹೋಟೆಲಿನ ಮೇಲಂತಸ್ತಿನ ಕೋಣೆಗಳಲ್ಲಿ ಬೀಡು ಬಿಡುತ್ತಿದ್ದರು. ನಾನು ಅಲ್ಲಿಗೆ ಹೋದವನಲ್ಲ. ಪಿಯುಸಿಯಲ್ಲಿದ್ದಾಗಿಂದ ಪ್ರತಿ ಜನವರಿ ಅಲ್ಲಿನ ವರದಿ, ಫೋಟೋ, ವಿಡಿಯೋಗಳನ್ನು ಬಾಯಿ ಬಿಟ್ಟುಕೊಂಡು ನೋಡಿದವನು. ಮಂದ ಬೆಳಕು, ಮೆತ್ತನೆ ಸೋಫಾ, ಆಳೆತ್ತರದ ಸ್ಪೀಕರು, ಹೆಬ್ಬಾವಿನಂಥ ಕೇಬಲ್ಲು. ಕಂಪನಿಯವನು ತಾನೇ ಆರಿಸಿದ ಹಾಡನ್ನು, ತನಗೆ ಬೇಕಾದಷ್ಟು ಜೋರಾಗಿ, ತನ್ನ ವಿವರಣೆಯ ಸಮೇತ ಹಾಕುತ್ತಾನೆ. ಬಂದವರು ಕಣ್ಣರಳಿಸಿ ತಲೆಯಾಡಿಸುತ್ತಾರೆ. ಮದುವೆ ಮನೆಯಲ್ಲಿ ಊಟ ಹೇಗಿದೆ ಅಂತ ಕೇಳಿದರೆ ಯಾರಾದರೂ ಉಪ್ಪು ಜಾಸ್ತಿ ಅಂತಾರಾ?

2015ರ ಜನವರಿಯ ಮೇಳ ನೆನಪಿಸಿಕೊಳ್ಳಿ. ಆ ವರ್ಷ ಎಲ್ಲೆಲ್ಲೂ ಒಂದೇ ಮಂತ್ರ: ಹೈ-ರೆಸ್. ಗಾಯಕ ನೀಲ್ ಯಂಗ್ ಅವರ ಪೋನೋ ಪ್ಲೇಯರು, 399 ಡಾಲರ್. ಸೋನಿಯ ಹೊಸ ವಾಕ್‌ಮನ್ ಝಡ್‌ಎಕ್ಸ್2, ಸುಮಾರು 1,200 ಡಾಲರ್. ಹಿಂದಿನ ತಿಂಗಳಷ್ಟೇ ಬ್ರಿಟನ್ನಿನ ಮೆರಿಡಿಯನ್ ಕಂಪನಿ ಘೋಷಿಸಿದ್ದ ಎಂಕ್ಯೂಎ ಕೂಡ ಅಲ್ಲಿತ್ತು. ಎಲ್ಲರೂ ಹೇಳಿದ್ದು ಒಂದೇ ಮಾತು: ಸಿ.ಡಿ.ಯ ದನಿಯಲ್ಲಿ ಏನೋ ಕಳೆದುಹೋಗಿದೆ, ಅದನ್ನು ನಾವು ವಾಪಸ್ಸು ಕೊಡ್ತೀವಿ.

ಕಳೆದುಹೋಗಿರುವುದು ನಿಜವಾ?

ಎಂಜಿನಿಯರಿಂಗಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಸಾಫ್ಟ್‌ವೇರಿಗೆ ಬಂದ ಲಕ್ಷಾಂತರ ಜನರಲ್ಲಿ ನಾನೂ ಒಬ್ಬ. ಸ್ಯಾಂಪ್ಲಿಂಗ್ ಥಿಯರಮ್ಮನ್ನು ಬಾಯಿಪಾಠ ಮಾಡಿ ಮಾರ್ಕ್ಸು ತಗೊಂಡವನು. ಒಂದು ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ಸಲ ಅದನ್ನು ಅಳೆದಿಟ್ಟುಕೊಂಡರೆ, ಆ ಅಲೆಯನ್ನು ಪೂರ್ತಿ ಮರಳಿ ಪಡೆಯಬಹುದು. ಹೆಚ್ಚುಕಡಿಮೆ ಅಲ್ಲ, ಪೂರ್ತಿ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ವಯಸ್ಸಾದಂತೆ ಅದೂ ಇಳಿಯುತ್ತದೆ. 1982ರಲ್ಲಿ ಬಂದ ಸಿ.ಡಿ. ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಲೆಕ್ಕ ಸರಿಯಾಯ್ತಲ್ಲ? ಜಾಹೀರಾತಿನಲ್ಲಿ ಸಿ.ಡಿ.ಯ ಅಲೆಯನ್ನು ಮೆಟ್ಟಿಲು ಮೆಟ್ಟಿಲಾಗಿಯೂ, ಹೈ-ರೆಸ್ ಅಲೆಯನ್ನು ನುಣ್ಣಗೂ ಬರೆದಿರುತ್ತಾರೆ ನೋಡಿ, ಅದು ಶುದ್ಧ ಸುಳ್ಳು. ಡ್ಯಾಕ್‌ನಿಂದ ಹೊರಬರುವ ಅಲೆಯಲ್ಲಿ ಮೆಟ್ಟಿಲು ಇರುವುದಿಲ್ಲ. ಅದನ್ನು ನುಣುಪು ಮಾಡುವುದೇ ಒಳಗಿನ ಫಿಲ್ಟರಿನ ಕೆಲಸ.

ಇನ್ನು ಬಿಟ್‌ಗಳ ಕಥೆ. ಸಿ.ಡಿ.ಯ 16 ಬಿಟ್‌ಗೆ ಸುಮಾರು 96 ಡೆಸಿಬೆಲ್ ಹರವು ಸಿಗುತ್ತದೆ. ಅಂದರೆ ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ದನಿಗಳ ನಡುವಿನ ಅಂತರ. ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ನಡುರಾತ್ರಿ ಫ್ಯಾನು ಹಾಕಿಕೊಂಡು ಕೂತರೇ 35-40 ಡೆಸಿಬೆಲ್ ಗದ್ದಲವಿರುತ್ತದೆ. ಅದರ ಮೇಲೆ 96 ಸೇರಿಸಿದರೆ ಕಿವಿ ನೋಯುವ ಮಟ್ಟ ದಾಟುತ್ತದೆ. ಪಕ್ಕದ ಮನೆಯವರು ಪೊಲೀಸರನ್ನು ಕರೆಯುವ ಮೊದಲೇ ನಾನು ಆಸ್ಪತ್ರೆ ಸೇರಿರ್ತೀನಿ :) ರೆಕಾರ್ಡಿಂಗ್ ಮಾಡುವವರಿಗೆ 24 ಬಿಟ್ ಬೇಕು, ಒಪ್ಪೋಣ. ಕೇಳುವ ನಮಗೆ ಯಾಕೆ?

ಮಲ್ಲಿಕಾರ್ಜುನ ಮನ್ಸೂರರ ಹಳೆಯ ಟೇಪುಗಳಿಂದ ತೆಗೆದ ಗಾಯನ ನನಗೆ ಪ್ರಾಣ. ಆ ಟೇಪಿನ 'ಸುಯ್' ಅನ್ನುವ ಸದ್ದೇ ಸಿ.ಡಿ.ಯ ಮಿತಿಗಿಂತ ಎಷ್ಟೋ ಮೇಲಿದೆ. ಅದನ್ನು 192 ಕಿಲೋಹರ್ಟ್ಸ್‌ನಲ್ಲಿ ಇಳಿಸಿಕೊಂಡರೆ ಸಿಗುವುದು ಇನ್ನೂ ನಿಖರವಾದ 'ಸುಯ್', ಅಷ್ಟೇ.

"ಲೆಕ್ಕ ಬಿಡಿ ಸ್ವಾಮಿ, ಕಿವಿ ಏನು ಹೇಳುತ್ತೆ ಅದು ಮುಖ್ಯ" ಅನ್ನುವವರಿದ್ದಾರೆ. ಸರಿ, ಕಿವಿಯನ್ನೇ ಕೇಳೋಣ. 2007ರಲ್ಲಿ ಮೇಯರ್ ಮತ್ತು ಮೊರನ್ ಅನ್ನುವವರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹೈ-ರೆಸ್ ಹಾಡು ಒಮ್ಮೆ ಹಾಗೇ, ಒಮ್ಮೆ ಸಿ.ಡಿ. ಗುಣಮಟ್ಟಕ್ಕೆ ಇಳಿಸಿ. ಯಾವುದು ಯಾವುದೆಂದು ಕೇಳುಗರಿಗೆ ಗೊತ್ತಿಲ್ಲ. 554 ಪ್ರಯತ್ನಗಳಲ್ಲಿ ಸರಿಯುತ್ತರ 276. ಶೇಕಡಾ ಐವತ್ತೂ ಇಲ್ಲ! ಎದುರು ಪಕ್ಷದ ಮಾತೂ ಹೇಳಬೇಕು, ಇಲ್ಲದಿದ್ದರೆ ಮೋಸವಾಗುತ್ತೆ. 2016ರಲ್ಲಿ ಜೋಶುವಾ ರೀಸ್ ಎಂಬ ಸಂಶೋಧಕ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3 ಬಂತು. ತರಬೇತಿ ಪಡೆದವರಲ್ಲಿ ಇನ್ನೂ ಹೆಚ್ಚು. ಹಾಗಾಗಿ ವ್ಯತ್ಯಾಸ ಸೊನ್ನೆ ಅಂತ ನಾನು ಹೇಳಲಾರೆ. ಆದರೆ ವೇಗಸ್‌ನ ಕೋಣೆಗಳಲ್ಲಿ ಮಾರಿದ್ದು ಆ ಎರಡು ಚಿಲ್ಲರೆ ಶೇಕಡಾವನ್ನಲ್ಲ. "ಪರದೆ ಸರಿದ ಹಾಗಾಯ್ತು" ಅನ್ನುವ ಅನುಭವವನ್ನು.

ಆ ಅನುಭವ ಎಲ್ಲಿಂದ ಬರುತ್ತೆ? ಕಣ್ಣಿನಿಂದ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಸ್ಪೀಕರುಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಯಾವ ಸ್ಪೀಕರು ಅಂತ ಕಾಣುವಾಗ ಜನ ಕೊಟ್ಟ ಅಂಕಗಳು ಒಂದು, ಪರದೆಯ ಹಿಂದಿಟ್ಟಾಗ ಕೊಟ್ಟದ್ದು ಇನ್ನೊಂದು. ಜೊತೆಗೆ ಇನ್ನೊಂದು ಹಳೇ ಉಪಾಯವಿದೆ: ಗೊತ್ತಾಗದಷ್ಟು ಸ್ವಲ್ಪ ಜೋರು ಮಾಡಿದರೆ ಸಾಕು, ಜೋರಾದದ್ದು ಎನ್ನಿಸುವುದಿಲ್ಲ, ಚೆನ್ನಾಗಿದೆ ಎನ್ನಿಸುತ್ತೆ.

ನಾನೂ ಪರೀಕ್ಷೆ ಮಾಡಿಕೊಂಡೆ. ಒಂದು ಹೈ-ರೆಸ್ ಹಾಡನ್ನು ನಾನೇ ಸಿ.ಡಿ. ಗುಣಮಟ್ಟಕ್ಕೆ ಇಳಿಸಿದೆ. ಹೆಂಡತಿ ನಾಣ್ಯ ಚಿಮ್ಮಿ, ಎರಡರಲ್ಲೊಂದನ್ನು ಹಾಕುವುದು, ನಾನು ಗೋಡೆ ಕಡೆ ತಿರುಗಿ ಕೂತು ಹೇಳುವುದು. ಇಪ್ಪತ್ತರಲ್ಲಿ ಹನ್ನೊಂದು ಸರಿ. "ನಾನೂರು ಡಾಲರ್ ಯಾಕೆ ಕೊಟ್ಟೆ ಮಾರಾಯ, ಈ ನಾಣ್ಯಾನೇ ಕೇಳಿದ್ರೆ ಹತ್ತಾದ್ರೂ ಸರಿ ಹೇಳ್ತಿತ್ತಲ್ಲ" ಅಂದಳು. ಉತ್ತರ ಹೊಳೆಯಲಿಲ್ಲ.

ಇದೆಲ್ಲ ನಗೆಪಾಟಲಾಗಿ ಮುಗಿಯುವುದಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಸೋನಿ 2015ರಲ್ಲಿ ಜಪಾನಿನಲ್ಲಿ 64 ಜಿಬಿಯ ಒಂದು ಮೆಮೊರಿ ಕಾರ್ಡನ್ನು "ಉತ್ತಮ ದನಿಗಾಗಿ" ಅಂತ 18,500 ಯೆನ್‌ಗೆ ಮಾರಿತು. ಓದುವಾಗ ವಿದ್ಯುತ್ ಗದ್ದಲ ಕಡಿಮೆಯಂತೆ. ಕಾರ್ಡಿನ ಗದ್ದಲ ಹಾಡಿಗೆ ಬರುತ್ತಿದ್ದರೆ ಅದು 1,200 ಡಾಲರಿನ ಪ್ಲೇಯರಿನ ದೋಷ ಅಲ್ವಾ? ನಿಮ್ಮ ಜಾವಾ ಕೋಡನ್ನು ಚಿನ್ನದ ಹಾರ್ಡ್‌ಡಿಸ್ಕಿನಲ್ಲಿಟ್ಟರೆ ಬಗ್ ಕಡಿಮೆಯಾಗುತ್ತಾ? ಆದರೂ ಇದನ್ನು ನಕ್ಕು ಬಿಡಬಹುದು. ಬೇಕಾದವನು ಕೊಂಡ, ಬೇಡದವನು ಬಿಟ್ಟ.

ಎಂಕ್ಯೂಎ ಹಾಗಲ್ಲ. ಅದು ನಿಜವಾಗಿ ಅಪಾಯಕಾರಿಯಾಗಿತ್ತು. ಕಿವಿಗೆ ಕೇಳದ ಮೇಲಿನ ಕಂಪನಾಂಕಗಳನ್ನು ಕಾಗದ ಮಡಿಚಿದ ಹಾಗೆ ಮಡಿಚಿ ಫೈಲಿನ ಕೆಳಗಿನ ಬಿಟ್‌ಗಳಲ್ಲಿ ಅಡಗಿಸುವುದು ಅದರ ತಂತ್ರ. ಬಿಡಿಸಲು ಲೈಸೆನ್ಸ್ ಇರುವ ಯಂತ್ರ ಅಥವಾ ಸಾಫ್ಟ್‌ವೇರ್ ಬೇಕು. ಹಾಡಿನ ಕಂಪನಿ, ಹಾಡು ಹಂಚುವವನು, ಡ್ಯಾಕ್ ಮಾಡುವವನು, ಎಲ್ಲರೂ ಒಬ್ಬನದೇ ಬಾಗಿಲಿಗೆ ಬರಬೇಕು. 2016-17ರ ಹೊತ್ತಿಗೆ ವಾರ್ನರ್, ಯುನಿವರ್ಸಲ್, ಸೋನಿ ಮ್ಯೂಸಿಕ್ ಮೂವರೂ ಸಹಿ ಹಾಕಿದರು. 2017ರ ಸಿಇಎಸ್ ವೇಳೆಗೆ ಟೈಡಲ್ ಅದನ್ನು ಶುರು ಮಾಡಿತು. ಮುಂದೊಂದು ದಿನ ಒಳ್ಳೆಯ ಪ್ರತಿ ಅಂದರೆ ಎಂಕ್ಯೂಎ ಮಾತ್ರ ಅಂತಾಗಿದ್ದರೆ? ಜಗತ್ತಿನ ಅರ್ಧ ಸಂಗೀತದ ಬೀಗದ ಕೈ ಒಂದು ಕಂಪನಿಯ ಜೇಬಿನಲ್ಲಿ. ಆ ಕಂಪನಿಗೆ ಏನಾಯಿತು ಅಂತ ಮೇಲೆ ಓದಿದಿರಲ್ಲ.

ತಡೆದವರು ಯಾರು? ದೊಡ್ಡ ದೊಡ್ಡ ಹೈಫೈ ಪತ್ರಿಕೆಗಳು ಹೊಗಳಿ ಅಟ್ಟಕ್ಕೇರಿಸಿದವು. ಸ್ಕಾಟ್ಲೆಂಡಿನ ಲಿನ್ ಎಂಬ ಹೈ-ಎಂಡ್ ಕಂಪನಿ 2017ರಲ್ಲಿ ಬಹಿರಂಗವಾಗಿ ವಿರೋಧಿಸಿತು, ಅವರಿಗೊಂದು ಸಲಾಮು. ಉಳಿದ ಕೆಲಸ ಮಾಡಿದ್ದು ನಮ್ಮಂಥವರೇ. ಆರ್ಕಿಮಾಗೊ ಎಂಬ ಹೆಸರಿನಲ್ಲಿ ಬರೆಯುವ ಒಬ್ಬ ಬ್ಲಾಗರ್ 2017ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 83 ಜನರಿಗೆ ಕುರುಡು ಪರೀಕ್ಷೆ ಮಾಡಿಸಿದ. ಎಂಕ್ಯೂಎ ಮೇಲು ಅನ್ನುವ ಒಲವು ಕಾಣಲಿಲ್ಲ. 2021ರಲ್ಲಿ ಗೋಲ್ಡನ್‌ಸೌಂಡ್ ಎಂಬ ಹೆಸರಿನ ಇನ್ನೊಬ್ಬ, ಪರೀಕ್ಷಾ ಸದ್ದುಗಳನ್ನು ಹಾಡಿನೊಳಗೆ ಸೇರಿಸಿ ಟೈಡಲ್‌ಗೆ ಹಾಕಿ, ಹೊರಬಂದ ಫೈಲು ತಾನು ಕೊಟ್ಟದ್ದೇ ಅಲ್ಲ ಅಂತ ತೋರಿಸಿದ. ಅವು ಸಂಗೀತವಲ್ಲದ ಸದ್ದುಗಳು ಅಂತ ಕಂಪನಿ ವಾದಿಸಿತು. ಅದೇ ವರ್ಷ ಆಪಲ್ ತನ್ನ ಎಲ್ಲ ಹಾಡುಗಳನ್ನು ಹೆಚ್ಚಿನ ಶುಲ್ಕವಿಲ್ಲದೆ ನಷ್ಟರಹಿತವಾಗಿ ಕೊಡತೊಡಗಿತು. ಅಲ್ಲಿಗೆ ಮಡಿಚುವ ಮಾಯೆಯ ಅಗತ್ಯವೇ ಮುಗಿಯಿತು.

ಒಳ್ಳೆಯ ಯಂತ್ರಗಳ ಮೇಲೆ ನನಗೆ ದ್ವೇಷವಿಲ್ಲ. ಸ್ಪೀಕರು ಬದಲಾದರೆ ದನಿ ಬದಲಾಗುತ್ತೆ, ಕೋಣೆ ಬದಲಾದರೆ ಇನ್ನೂ ಬದಲಾಗುತ್ತೆ. ಪುಸ್ತಕ ತುಂಬಿದ ಕಪಾಟು, ದಪ್ಪ ಪರದೆ, ಒಂದು ಜಮಖಾನ, ಇವು ಮಾಡುವ ಉಪಕಾರವನ್ನು ಯಾವ ಕೇಬಲ್ಲೂ ಮಾಡಲಾರದು. 2016ರ ಸಿಇಎಸ್‌ನಲ್ಲಿ ಟೆಕ್ನಿಕ್ಸ್ ತನ್ನ ಎಸ್‌ಎಲ್-1200 ಟರ್ನ್‌ಟೇಬಲನ್ನು ಮತ್ತೆ ತಂದಿತು, ಸುಮಾರು 4,000 ಡಾಲರಿಗೆ. ದುಬಾರಿಯೇ. ಆದರೆ ಹೊಸ ಮೋಟರು, ತಿರುಗುವ ವೇಗದ ಸ್ಥಿರತೆ, 18 ಕಿಲೋ ತೂಕ, ಎಲ್ಲವನ್ನೂ ನೀವು ಅಳೆದು ನೋಡಬಹುದು. ಅದು ಎಂಜಿನಿಯರಿಂಗ್. ಅಂದಕ್ಕಾಗಿ, ಹವ್ಯಾಸಕ್ಕಾಗಿ ಕೊಂಡರೂ ನನ್ನ ತಕರಾರಿಲ್ಲ.

ತಕರಾರಿರುವುದು ಅಳೆಯಲೂ ಬಿಡದ, ಕಣ್ಣು ಮುಚ್ಚಿ ಕೇಳಲೂ ಬಿಡದ ಸರಕಿನ ಬಗ್ಗೆ. ಹೈ-ಎಂಡ್‌ನವರು 2018ರ ಆಚೀಚೆ ವೇಗಸ್‌ನಿಂದ ಹೆಚ್ಚುಕಡಿಮೆ ಕಾಲ್ತೆಗೆದರು. ಅವರ ದೊಡ್ಡ ಜಾತ್ರೆ ಮ್ಯೂನಿಕ್‌ನದ್ದಾಯಿತು, 2025ರದ್ದು ಅಲ್ಲಿನ ಕೊನೆಯದು, ಮುಂದಿನದಕ್ಕೆ ವಿಯೆನ್ನಾ ಅಂತ ಗೊತ್ತುಮಾಡಿದರು. ಊರು ಬದಲಾದರೂ ಮಂದ ಬೆಳಕು, ಸೋಫಾ, ಅವರೇ ಆರಿಸಿದ ಹಾಡು ಬದಲಾಗಿಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸಲೂ ಎರಡು ಗುಂಪು ಮಾಡಿ ಹೋಲಿಸಿ ನೋಡುವವರು ನಾವು. ಮನೆಗೆ ಬಂದು ಸ್ವಂತ ದುಡ್ಡು ಕೊಡುವಾಗ ಒಂದು ನೀಲಿ ದೀಪಕ್ಕೆ ಕೈಮುಗಿಯುತ್ತೇವೆ. ಥಿಯರಮ್ ಗೊತ್ತಿಲ್ಲದವನು ಮೋಸಹೋದರೆ ಪಾಪ ಅನ್ನಬಹುದು. ಗೊತ್ತಿದ್ದೂ ಹೋದ ನನ್ನನ್ನು ಏನನ್ನಬೇಕು?

ಮುಂದಿನ ಸಲ ಅಂಗಡಿಗೆ ಹೋದಾಗ ಒಂದೇ ಮಾತು ಕೇಳಿ: "ಎರಡನ್ನೂ ಒಂದೇ ಜೋರಿನಲ್ಲಿಟ್ಟು, ಯಾವುದು ಅಂತ ಹೇಳದೆ, ಹತ್ತು ಸಲ ಹಾಕ್ತೀರಾ?" ಹಾಕಿದರೆ ಕೂತು ಕೇಳಿ. ನಕ್ಕು ಮಾತು ಬದಲಿಸಿದರೆ ಎದ್ದು ಬನ್ನಿ.

ಡ್ಯಾಕ್ ಅನ್ನು ಎಸೆದಿಲ್ಲ. ಹಾಡು ಚೆನ್ನಾಗೇ ಬರುತ್ತೆ, ಪಾಪ. ದೀಪದ ಮೇಲೆ ಒಂದು ಚೂರು ಕಪ್ಪು ಟೇಪು ಅಂಟಿಸಿದ್ದೇನೆ, ಅಷ್ಟೇ.

ನೀವೂ ಹೀಗೆ ಯಾವುದಾದರೂ ದೀಪಕ್ಕೆ ಬಿದ್ದಿದ್ದರೆ ಬರೆಯಿರಿ. ನಾನೊಬ್ಬನೇ ಅಲ್ಲ ಅಂತ ಹೆಂಡತಿಗೆ ತೋರಿಸಬೇಕಿದೆ :)